ಹೊತ್ತು ಮುಳುಗುವ ಮೊದಲು

"ಮೇಷ್ಟ್ರೇ, ಲೋಕವೆಲ್ಲ ತಿರುಗಾಡಿ ಆಡುವ ಗೇಮೊಂದು ಯಾವುದರಿಂದ ಶ್ರೇಷ್ಠವಾಗುತ್ತದೆ?" ಎಂದು ಇಂಚರ ಕೇಳಿದಳು.

ಅವಳು ನಿರ್ವಾಣಪ್ಪ ಮೇಷ್ಟ್ರ ಬಳಿ ವಿಡಿಯೋ ಗೇಮ್ ಕಟ್ಟುವ ವಿದ್ಯೆ ಕಲಿಯುತ್ತಿದ್ದಳು. ತಾನೂ ಒಂದು ಮಾಯಾಲೋಕ ಕಟ್ಟಿದ್ದಳು. ಊರು, ಕೋಟೆ, ರಾಕ್ಷಸರು, ಯಾವುದಕ್ಕೂ ಕಡಿಮೆಯಿರಲಿಲ್ಲ. ಆದರೂ ಆಡಲು ಕೂತವರು ಬೇಗ ಎದ್ದು ಹೋಗುತ್ತಿದ್ದರು. ಇನ್ನೊಂದಿಷ್ಟು ಕಾಡು ಸೇರಿಸಲೇ ಎಂದಳು.

ಮೇಷ್ಟ್ರು ಸಿಡುಕಿದರು. ಕಾಡು ಸೇರಿಸು, ಬೆಟ್ಟ ಸೇರಿಸು, ನಿಮಗೆ ಗೊತ್ತಿರುವುದೇ ಅಷ್ಟು, ಕೇಳಿಲ್ಲಿ ಎಂದು ಹೇಳತೊಡಗಿದರು.

ಒಬ್ಬ ಗೇಮ್ ಕಟ್ಟುವವನಿದ್ದ. ನಿನ್ನಂತೆಯೇ ಮಹಾ ಆಸೆಬುರುಕ. ಪ್ರಪಂಚವನ್ನೇ ಕಟ್ಟಿ ನಿಲ್ಲಿಸಿದ. ಬಿಡುಗಡೆಗೆ ಮುಂಚೆ ಆಡಿ ನೋಡಲೆಂದು ಒಬ್ಬ ಹೆಂಗಸನ್ನು ಕರೆದು ಕೂರಿಸಿದ, ತಾನೂ ಪಕ್ಕದಲ್ಲಿ ಕೂತ.

ಆಟದೊಳಗೆ ಹೊಳೆದಂಡೆಯ ಗುಡಿಸಲಿನ ಬಾಗಿಲಲ್ಲಿ ಒಬ್ಬ ತಾಯಿ ನಿಂತಿದ್ದಳು. ಮಗಳಿಗೆ ವಿಷಜ್ವರ, ಹೊತ್ತು ಮುಳುಗುವ ಮೊದಲು ಬೆಟ್ಟದ ಬೇರು ತಂದುಕೊಡು ಎಂದು ಕೈಮುಗಿದಳು. ಆಡುವವಳು ಆಯಿತೆಂದು ಹೊರಟು ದಾರಿಯಲ್ಲಿ ಮರೆತಳು. ಕುದುರೆ ಪಳಗಿಸಿದಳು, ಮೀನು ಹಿಡಿದಳು, ಬೇರೊಂದು ಊರಿನಲ್ಲಿ ಮನೆ ಮಾಡಿ ಮಳೆಗಾಲ ಕಳೆದಳು. ತಿರುಗಿ ಬಂದರೆ ಆ ತಾಯಿ ಅದೇ ಬಾಗಿಲಲ್ಲಿ ನಿಂತು, ಹೊತ್ತು ಮುಳುಗುವ ಮೊದಲು ಬೇರು ತಾ ಎಂದು ಅದೇ ಮಾತು ಹೇಳಿದಳು. ಆಡುವವಳಿಗೆ ನಗು ಬಂತು. ಆ ನಗು ಕೇಳಿ ಕಟ್ಟಿದವನ ಎದೆ ಚುರುಕ್ಕೆಂದಿತು.

ಆಡುವವರಿಗೆ ಏನೂ ತಪ್ಪಿಹೋಗಬಾರದೆಂದು ಆಟದೊಳಗಿನ ಎಲ್ಲರೂ ಅವರಿಗಾಗಿ ಕಾದು ನಿಲ್ಲುವಂತೆ ಅವನೇ ಮಾಡಿದ್ದ. ಈ ಕಸುಬಿನವರೆಲ್ಲ ಮಾಡುವ ತಪ್ಪು ಅದು. ಅವನು ಆಟವನ್ನು ಬಿಡುಗಡೆ ಮಾಡಲಿಲ್ಲ. ಆ ಲೋಕದ ಸೂರ್ಯ ಯಾರಿಗೂ ಕಾಯದಂತೆ ಮಾಡಿದ. ಅಲ್ಲಿನ ಪ್ರತಿಯೊಬ್ಬರಿಗೂ ಹಸಿವು, ಹೆದರಿಕೆ, ಉಪಕಾರದ ನೆನಪು ಕೊಟ್ಟು ಮುಂದಿನದನ್ನು ಅವರಿಗೇ ಬಿಟ್ಟ. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಆಡುವವರು ನೋಡದೆಯೇ ಹೋದರೆ ಏನು ಗತಿ ಎಂದು ಜೊತೆಗಾರರು ತಲೆ ಚಚ್ಚಿಕೊಂಡರು. ಅವರು ಜಪ್ಪಯ್ಯ ಎಂದರೂ ಇವನು ಜಗ್ಗಲಿಲ್ಲ.

ಮತ್ತೆ ಅದೇ ಹೆಂಗಸನ್ನು ಕರೆದ. ಹಳೆಯ ಸಲಿಗೆಯಲ್ಲಿ ಅವಳು ಈ ಸಲವೂ ಮೀನು ಹಿಡಿಯುತ್ತ ಕೂತಳು. ಹೊಳೆಯ ನೀರು ಕೆಂಪಾಯಿತು. ಹೊತ್ತು ಇಳಿಯುತ್ತಿದೆ ಎಂದು ಆಗ ತಿಳಿಯಿತು. ಗಾಳ ಬಿಸಾಡಿ ಬೆಟ್ಟಕ್ಕೆ ಓಡಿ, ಬೇರು ಕಿತ್ತು, ಎದ್ದೆನೋ ಬಿದ್ದೆನೋ ಎಂದು ಗುಡಿಸಲಿಗೆ ಬಂದಳು. ಅಷ್ಟರಲ್ಲಿ ಕತ್ತಲಾಗಿತ್ತು. ತಾಯಿ ಬಾಗಿಲಲ್ಲಿ ಇರಲಿಲ್ಲ, ಬಾಗಿಲು ಮುಚ್ಚಿತ್ತು. ಗುಂಡಿ ಒತ್ತಿದರೆ ತೆರೆಯುತ್ತದೆ, ಒತ್ತಲು ಅವಳಿಗೆ ಧೈರ್ಯ ಬರಲಿಲ್ಲ.

"ಒಳಗೆ ಮಗು ಇದೆಯಾ?" ಎಂದು ಕಟ್ಟಿದವನನ್ನು ಕೇಳಿದಳು.

"ನನಗೂ ಗೊತ್ತಿಲ್ಲಮ್ಮ," ಎಂದ ಅವನು. ಹೇಳುವಾಗಲೇ ಅವನ ಮೈ ಜುಮ್ಮೆಂದಿತು. ತಾನೇ ನಿಲ್ಲಿಸಿದ ಬಾಗಿಲು, ತಾನೇ ಹೊದಿಸಿದ ಸೂರು, ಒಳಗೆ ಏನಾಗಿದೆಯೋ ತನಗೇ ತಿಳಿಯದು.

ಅವಳು ಕೊನೆಗೂ ಬಾಗಿಲು ತೆರೆದಳು. ಮಗು ಎದ್ದು ಕೂತು ಗಂಜಿ ಕುಡಿಯುತ್ತಿತ್ತು. ಪಕ್ಕದಲ್ಲಿ ಆಚೆ ದಡದ ಮುದುಕಿಯೊಬ್ಬಳು ಬೇರಿನ ಚೀಲ ಬಿಚ್ಚಿಕೊಂಡು ಕೂತಿದ್ದಳು. ಯಾವತ್ತೋ ಈ ತಾಯಿಯ ಕೈಯಲ್ಲಿ ಉಂಡ ಅನ್ನ ನೆನೆದು, ಜ್ವರದ ಸುದ್ದಿ ಕೇಳಿ ಹೊಳೆ ದಾಟಿ ಬಂದಿದ್ದಳು. ಹೀಗಾಗಲಿ ಎಂದು ಯಾರೂ ಬರೆದಿರಲಿಲ್ಲ. ಕಟ್ಟಿದವನು ತಾನು ಕಟ್ಟಿದ ಲೋಕಕ್ಕೆ ತಾನೇ ಕೈಮುಗಿದ.

ಇಂಚರ ಕಣ್ಣೊರೆಸಿಕೊಂಡಳು. "ಸದ್ಯ, ಮಗು ಉಳಿಯಿತಲ್ಲ ಮೇಷ್ಟ್ರೇ," ಎಂದಳು.

"ಹುಟ್ಟೇ ಇರದ ಮಗು ಉಳಿದದ್ದಕ್ಕೆ ನೀನೇಕೆ ಅಳುತ್ತೀ ತಾಯಿ?" ಎಂದರು ಮೇಷ್ಟ್ರು.