ಬಸಿಗಾಲುವೆಗೆ ಮಂಗಳಾರತಿ

"ನಮ್ಮ ಮುತ್ತಾತ ಕಟ್ಟಿಸಿದ ಬಸಿಗಾಲುವೆ ಸೂರ್ಯ ಚಂದ್ರರಿರೋ ತನಕ ಗಟ್ಟಿ!" ಅಂತ ಕೆಸರೂರಿನ ರಾಜ ಭೋಗರಸ ಮೀಸೆ ತಿರುವಿದ.

ಎದುರಿಗೆ ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡು ರೈತಗಿತ್ತಿ ನಿಂಗವ್ವ ನಿಂತಿದ್ದಳು. "ಗಟ್ಟಿಯೇನೋ ಅದೆ ಬುದ್ಧೀ. ಹೂಳು ತುಂಬಿ ಕಟ್ಟಿಕೊಂಡದೆ. ಗದ್ದೇಲಿ ನಿಂತ ನೀರು ಹೊಳೆಗೆ ಹೋಗ್ತಿಲ್ಲ. ಇನ್ನೆರಡು ದಿನ ಹೀಗೇ ಇದ್ದರೆ ಪೈರು ಕೊಳೆತು, ಊರಿಗೆ ಊರೇ ಗಂಜಿಗೂ ಗತಿಯಿಲ್ಲ."

ಮಂತ್ರಿ ಪದ್ಮಣ್ಣಯ್ಯ ಸಿಡುಕಿದ. "ಹೂಳಂತೆ ಹೂಳು! ವರ್ಷಾ ವರ್ಷಾ ಕಾಲುವೆಗೆ ಅರಿಶಿನ, ಕುಂಕುಮ, ಹಾರ, ಮಂಗಳಾರತಿ ಮಾಡಿಸ್ತೀನಿ. ಹಿರಿಯರ ಕಾಲುವೆಗೆ ಸನಿಕೆ ಹಾಕೋದು ಅಪಚಾರ!"

"ಕಾಲುವೆ ಮಂತ್ರಿಗಳ ವಶ. ಅವರು ತೆಗೆಸಿ ಅಂದರೆ ತೆಗೆಸೋಣ" ಎಂದ ರಾಜ.

ವಿದೂಷಕ ಸಿದ್ಲಿಂಗ ಕಿಸಕ್ಕನೆ ನಕ್ಕ. "ನಾಳೆ ಸಂಜೆಯೊಳಗೆ ಅಂತಾರೆ ಪ್ರಭು."

ಮರುದಿನ ಮಧ್ಯಾಹ್ನ ಮಂತ್ರಿಗೆ ಸಿದ್ಲಿಂಗನ ಮನೆಯಲ್ಲಿ ಔತಣ. ಹಲಸಿನ ಹಣ್ಣಿನ ಕಡುಬು, ಮೇಲೆ ತುಪ್ಪ. "ಇನ್ನೊಂದೇ ಒಂದು, ನನ್ನಾಣೆ" ಅಂತ ಸಿದ್ಲಿಂಗ ಬಡಿಸಿದ್ದೇ ಬಡಿಸಿದ್ದು. ಬಿಟ್ಟಿ ಊಟ, ಮಂತ್ರಿ ಬೇಡ ಅಂದದ್ದೇ ಇಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಮಂತ್ರಿಯ ಹೊಟ್ಟೆ ನಗಾರಿಯಾಯಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. "ಅಯ್ಯಯ್ಯೋ, ಕಷಾಯ ತಾರೋ!"

ಸಿದ್ಲಿಂಗ ಪೂಜೆ ತಟ್ಟೆ ಹಿಡಿದು ಬಂದ. ಹಿಂದೆ ರಾಜ, ಅವನ ಹಿಂದೆ ನಿಂಗವ್ವ. ಹೊಟ್ಟೆಗೆ ಅರಿಶಿನ ಬಳಿದ, ಕುಂಕುಮ ಇಟ್ಟ, ಹಾರ ಹೊದಿಸಿ, ಗಂಟೆ ಅಲ್ಲಾಡಿಸುತ್ತ ಮಂಗಳಾರತಿ ಎತ್ತಿದ.

"ಏನೋ ಇದು ಮಂಗಾಟ? ಕಷಾಯ ಕೊಡೋ!"

"ಎಲ್ಲಾದರೂ ಉಂಟೇ ಸ್ವಾಮಿ! ಹಿರಿಯರಿಂದ ಬಂದ ಹೊಟ್ಟೆ, ಒಳಗೆ ಕೈಹಾಕಿದರೆ ಅಪಚಾರ. ನಿಮ್ಮ ತಾತಂದೂ ಇದೇ ಅಳತೆ. ಅವರಿಗೆ ಯಾವತ್ತಾದರೂ ಕಟ್ಟಿಕೊಂಡಿತ್ತೇ?"

"ತಾತ ತಿಂಗಳಿಡೀ ತಿಂದಿದ್ದನ್ನ ನಾನು ಕೂತ ಏಟಿಗೇ ತಿಂದಿದ್ದೀನಲ್ಲೋ!"

"ಮಳೆರಾಯನೂ ಈಗ ಹಾಗೇ ಅಲ್ಲವೇ? ಆಗ ತಿಂಗಳಿಡೀ ಜಿಟಿಜಿಟಿ. ಈಗ ಒಂದೇ ದಿನದಲ್ಲಿ ಧೋ ಅಂತ ಸುರಿದು ಹೋಗ್ತಾನೆ. ಹಳೇ ಕಾಲುವೆ ಪಾಪ ಏನು ಮಾಡೀತು? ತಡೀರಿ, ಇನ್ನೊಂದು ಆರತಿ..."

"ನಿನ್ನ ಆರತಿಗೆ ಬೆಂಕಿ ಬೀಳ! ಕಟ್ಟಿಕೊಂಡಿರೋದನ್ನೆಲ್ಲ ಮೊದಲು ತೆಗೆಸ್ರೋ!"

"ಕೇಳಿದಿರಾ ಪ್ರಭು? ಅಪ್ಪಣೆಯಾಯ್ತು. ನಿಂಗವ್ವಾ, ಸನಿಕೆ ಹಿಡಿಸು! ಹೂಳು ತೆಗೆದು, ಹಾಗೇ ಒಂದಿಷ್ಟು ಅಗಲಾನೂ ಮಾಡಿ."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಮಂತ್ರಿಯೂ ಹೊಟ್ಟೆ ಹಿಡಿದುಕೊಂಡ, ನಗೋಕಲ್ಲ. "ಮತ್ತೆ ನನ್ನ ಕಷಾಯ?"

"ಸರದಿ ಪ್ರಕಾರ ಸ್ವಾಮಿ. ಕಾಲುವೆ ನಿಮಗಿಂತ ಹಳೇ ರೋಗಿ. ಮೊದಲು ಅಲ್ಲಿ ಹರೀಲಿ, ಆಮೇಲೆ ಇಲ್ಲಿ."

ಮಂತ್ರಿ ಏಳುತ್ತ ಬೀಳುತ್ತ ಕಿಟಕಿಗೆ ಓಡಿ, ನಾಲ್ಕೇ ಆಳುಗಳ ಜೊತೆ ಕಾಲುವೆಗೆ ಹೊರಟಿದ್ದ ನಿಂಗವ್ವನನ್ನು ನೋಡಿ ಕೂಗಿದ: "ಲೇ, ನಾಲ್ಕು ಸನಿಕೆ ಎಲ್ಲಿಗೆ ಸಾಲುತ್ರೋ! ಅರಮನೆ ಆಳುಗಳನ್ನೆಲ್ಲ ಇಳಿಸ್ರೋ! ಆನೆ ಬಿಚ್ಚಿ! ಬೇಗ!"