ಎಂಬತ್ತರ ಶಾಖ

“ಗುರುಗಳೇ, ಹಿರಿಯರ ಮಾತನ್ನು ಎದುರಾಡದೆ ನಡೆಸಿದರೆ ಸಾಕೇ? ಅದು ನಮಗೆ ಅರ್ಥವೂ ಆಗಿರಬೇಕೇ?” ಎಂದು ಶಂಭುಲಿಂಗನೆಂಬ ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಹೊಂಬಾಳಮ್ಮ ಎಂಬ ಹೆಂಗಸು ಮೂವತ್ತೈದು ವರ್ಷದಿಂದ ರೇಷ್ಮೆಹುಳು ಸಾಕುತ್ತಿದ್ದಳು. ಆಕೆಗೆ ಓದು ಬರುತ್ತಿರಲಿಲ್ಲ, ಅಂಕಿ ಮಾತ್ರ ಗೊತ್ತಿತ್ತು. ಹುಳು ಸಾಕುವ ಕೋಣೆಯ ಗೋಡೆಯಲ್ಲಿ ಒಂದು ಥರ್ಮಾಮೀಟರು ತೂಗುತ್ತಿತ್ತು. ತೀರಿಹೋದ ಗಂಡ ತಂದು ಹಾಕಿದ್ದು. ಹುಳು ಮರಿಯಾಗಿರುವಾಗ ಅದರ ಕೆಂಪು ಗೆರೆ ಎಂಬತ್ತರಲ್ಲಿ ನಿಲ್ಲಬೇಕು. ಇಳಿದರೆ ಕೆಂಡ ತಂದಿಡಬೇಕು, ಏರಿದರೆ ಕಿಟಕಿ ತೆಗೆಯಬೇಕು. ಆಕೆಗೆ ತಿಳಿದಿದ್ದ ಲೆಕ್ಕ ಅಷ್ಟೇ. ಆ ಲೆಕ್ಕದಲ್ಲಿ ಒಂದು ಬೆಳೆಯೂ ಕೆಟ್ಟಿರಲಿಲ್ಲ.

ಸೊಸೆ ಭಾಗೀರಥಿ ಬೇರೆ ಸೀಮೆಯವಳು. ಮದುವೆಯಾಗಿ ಬರುವ ತನಕ ರೇಷ್ಮೆಹುಳುವನ್ನು ಕಂಡವಳಲ್ಲ. ಹಿಪ್ಪುನೇರಳೆ ಸೊಪ್ಪನ್ನು ಹೊತ್ತು ತಂದು ಬಾಗಿಲಲ್ಲಿ ಇಡುವುದಷ್ಟೇ ಅವಳ ಕೆಲಸ. ಒಳಗೆ ಅತ್ತೆಯದೇ ಕೈ.

ಒಂದು ಮಾಗಿಯಲ್ಲಿ ಹೊಂಬಾಳಮ್ಮ ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಳು. ಮೊಟ್ಟೆ ಒಡೆದು ಹುಳು ಹೊರಬಂದು ನಾಲ್ಕು ದಿನವಾಗಿತ್ತು. ಮಗ ಆಕೆಯನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೊರಟ. ಗಾಡಿ ಹತ್ತುವಾಗ ಆಕೆ ಸೊಸೆಗೆ ಹೇಳಿದ್ದು ಒಂದೇ ಮಾತು: “ಎಂಬತ್ತು ಬಿಟ್ಟು ಇಳಿಯೋಕೆ ಬಿಡಬೇಡ.”

ಅತ್ತೆ ಹೋದ ಮೇಲೆ ಭಾಗೀರಥಿ ಕೋಣೆಯ ಗೋಡೆ ಒರೆಸಲು ಹೋದಳು. ಬಟ್ಟೆ ತಗುಲಿ ಥರ್ಮಾಮೀಟರು ಕೆಳಗೆ ಬಿದ್ದು ಚೂರಾಯಿತು. ಅತ್ತೆಗೆ ತಿಳಿಯಬಾರದೆಂದು ಅವಳು ಚೂರುಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಳು. ಮಧ್ಯಾಹ್ನದ ಬಸ್ಸಿಗೆ ಪೇಟೆಗೆ ಹೋಗಿ ಹೊಸದೊಂದನ್ನು ತಂದು ಅದೇ ಮೊಳೆಗೆ ಹಾಕಿದಳು. ಹಾಕಿದ ಮೇಲೆ ನೋಡುತ್ತಾಳೆ, ಹೊಸದರಲ್ಲಿ ಅಂಕಿ ಐವತ್ತಕ್ಕೇ ಮುಗಿದಿದೆ. ಎಂಬತ್ತು ಎಲ್ಲಿ? ಯಾರನ್ನಾದರೂ ಕೇಳಬೇಕೆನ್ನಿಸಿತು. ಕೇಳಿದರೆ ಹಳೆಯದು ಒಡೆದದ್ದು ಹೊರಬೀಳುತ್ತದೆ. ಕೇಳಲಿಲ್ಲ.

ಸಂಜೆ ಅತ್ತೆಯ ಫೋನು ಬಂತು.

“ಎಷ್ಟಿದೆಯೇ?”

“ಇಪ್ಪತ್ತೇಳು, ಅತ್ತೆ.”

“ಇಪ್ಪತ್ತೇಳಾ! ಅಯ್ಯೋ, ಹುಳ ಸೆಟೆದು ಸಾಯ್ತವೆ ಕಣೇ. ಕಿಟಕಿ ಮುಚ್ಚು, ಕೆಂಡ ಹಾಕು.”

ಅಷ್ಟು ಇಳಿದದ್ದನ್ನು ಹೊಂಬಾಳಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಹೇಗೆ ಇಳಿಯಿತೆಂದು ಯೋಚಿಸಲಿಲ್ಲ, ಗಾಬರಿಯಾದಳು. ಭಾಗೀರಥಿ ಕಿಟಕಿ ಮುಚ್ಚಿ ಎರಡು ಬಾಣಲೆ ಕೆಂಡ ತಂದಿಟ್ಟಳು.

ಬೆಳಿಗ್ಗೆ ಗೆರೆ ಮೂವತ್ತಮೂರಕ್ಕೆ ಬಂದಿತ್ತು. ಅವಳೇ ಫೋನು ಮಾಡಿದಳು. “ಅತ್ತೆ, ಒಳಗೆ ನಿಂತರೆ ಬೆವರು ಇಳೀತದೆ. ಹುಳ ಸೊಪ್ಪು ಮುಟ್ತಿಲ್ಲ, ತಟ್ಟೆ ಅಂಚಿಗೆ ಹರೀತಾ ಇವೆ.”

“ನಿನ್ನ ಬೆವರು ಕಟ್ಕೊಂಡು ನನಗೇನು? ಅಂಕಿ ನೋಡು. ಎಂಬತ್ತು ಬರೋ ತನಕ ಕೆಂಡ ತೆಗೀಬೇಡ.”

ಭಾಗೀರಥಿ ಇನ್ನೆರಡು ಬಾಣಲೆ ಕೆಂಡ ಇಟ್ಟಳು. ಮಧ್ಯಾಹ್ನಕ್ಕೆ ಮೂವತ್ತೆಂಟಾಯಿತು. ಹಾಸಿದ ಸೊಪ್ಪು ಗಳಿಗೆಯಲ್ಲಿ ಬಾಡುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅವಳು ಅಲ್ಲೇ ಕೂತು ತಟ್ಟೆಗಳಿಗೆ ಗಾಳಿ ಬೀಸಿದಳು. ಕೆಂಡವನ್ನು ಮಾತ್ರ ತೆಗೆಯಲಿಲ್ಲ. ಮರುದಿನದ ಹೊತ್ತಿಗೆ ಹುಳುಗಳೆಲ್ಲ ಮೆತ್ತಗಾಗಿ ಕಪ್ಪಾಗಿ ಬಿದ್ದಿದ್ದವು. ಒಂದೂ ಉಳಿಯಲಿಲ್ಲ.

ವಾರದ ಮೇಲೆ ಹೊಂಬಾಳಮ್ಮ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಳು. ಬೆಳೆ ಯಾಕೆ ಹೋಯಿತೆಂದು ನೋಡಲು ರೇಷ್ಮೆ ಇಲಾಖೆಯವರೊಬ್ಬರು ಬಂದಿದ್ದರು. ಭಾಗೀರಥಿ ಅಟ್ಟದಿಂದ ಗಂಟು ಇಳಿಸಿ ಇಬ್ಬರ ಮುಂದೆ ಬಿಚ್ಚಿ, ನಡೆದದ್ದನ್ನೆಲ್ಲ ಹೇಳಿದಳು. ಇಲಾಖೆಯವರು ಚೂರನ್ನೂ ನೋಡಿದರು, ಗೋಡೆಯಲ್ಲಿದ್ದ ಹೊಸದನ್ನೂ ನೋಡಿದರು. ಸೀಮೆಸುಣ್ಣ ತೆಗೆದು ಬಾಗಿಲ ಮೇಲೆ ಬರೆದರು.

“ಹಳೆಯದು ಫ್ಯಾರನ್‌ಹೀಟು, ಹೊಸದು ಸೆಲ್ಸಿಯಸ್ಸು, ಶಾಖ ಅಳೆಯುವ ಎರಡು ಬಗೆ. ನೀರು ಗಡ್ಡೆ ಕಟ್ಟುವ ಜಾಗಕ್ಕೆ ಹೊಸದು ಸೊನ್ನೆ ಅನ್ನುತ್ತದೆ, ಹಳೆಯದು ಮೂವತ್ತೆರಡು ಅನ್ನುತ್ತದೆ. ಹೊಸದರ ಐದು ಮೆಟ್ಟಿಲು ಹಳೆಯದರ ಒಂಬತ್ತು ಮೆಟ್ಟಿಲಿಗೆ ಸಮ. ಇಪ್ಪತ್ತೇಳನ್ನು ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿಸಿ. ಎಂಬತ್ತೂವರೆಯಷ್ಟು ಬರುತ್ತದೆ. ಅಮ್ಮಾ, ನೀವು ಕೇಳಿದ ಶಾಖ ಮೊದಲ ದಿನವೇ ಇತ್ತು.”

“ಮೂವತ್ತೆಂಟು ಅಂದರೆ?” ಎಂದು ಹೊಂಬಾಳಮ್ಮ ಕೇಳಿದಳು.

“ನೂರು ದಾಟಿತು.”

ಅವರು ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಭಾಗೀರಥಿ ತಲೆ ತಗ್ಗಿಸಿ ನಿಂತಿದ್ದಳು. ಹೊಂಬಾಳಮ್ಮ ಖಾಲಿ ತಟ್ಟೆಗಳನ್ನು ನೋಡಿ ಕೇಳಿದಳು:

“ಒಡೆದ ದಿನವೇ ಹೇಳಿದ್ದರೆ ನಾನೇನು ಮಾಡ್ತಿದ್ದೆ?”

“ಬೈತಿದ್ರಿ, ಅತ್ತೆ.”

“ಹೌದು. ಬೈತಿದ್ದೆ,” ಎಂದಳು ಹೊಂಬಾಳಮ್ಮ. ಆಮೇಲೆ ಅಂದಳು, “ಬೆವರು ಅಂತ ನೀನು ಹೇಳಿದೆ. ನಾನು ಕೇಳಿಸ್ಕೊಳ್ಳಲಿಲ್ಲ.”

ಮುಂದಿನ ಬೆಳೆಗೆ ಆಕೆ ಸೊಸೆಯನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಹುಳು ಯಾವಾಗ ತಲೆಯೆತ್ತುತ್ತದೆ, ಯಾವಾಗ ಸೊಪ್ಪು ಬಿಡುತ್ತದೆ ಎಂದು ತೋರಿಸಿಕೊಟ್ಟಳು. ಕೋಣೆಯೊಳಗಿದ್ದ ಸೊಸೆ ಏನು ಹೇಳಿದರೂ ಅಂದಿನಿಂದ ಆಕೆ ಕಿವಿಗೊಟ್ಟು ಕೇಳುತ್ತಿದ್ದಳು.

ಗುರುಗಳು ಕತೆ ಮುಗಿಸಿದರು.

ಶಂಭುಲಿಂಗ ಸ್ವಲ್ಪ ಯೋಚಿಸಿ ಕೇಳಿದ: “ಹಾಗಾದರೆ ತಪ್ಪು ಯಾರದು, ಗುರುಗಳೇ? ತಿಳಿಯದೆ ಪಾಲಿಸಿದ ಸೊಸೆಯದೇ, ಕಾಣದೆ ಅಪ್ಪಣೆ ಕೊಟ್ಟ ಅತ್ತೆಯದೇ?”

ಗುರುಗಳು ಅವನ ಮುಖ ನೋಡಿದರು.

“ಮೊದಲು ಇದನ್ನು ಹೇಳು ಮಗು, ನಿನಗೆ ನನ್ನನ್ನು ಕಂಡರೆ ಭಯವೇ?”

“ಇದೆ ಗುರುಗಳೇ. ಅರ್ಥವಾಗದ್ದನ್ನೂ ಎಷ್ಟೋ ಸಲ ಕೇಳದೆ ಬಿಟ್ಟಿದ್ದೇನೆ,” ಎಂದ ಶಂಭುಲಿಂಗ.