ನವಿಲು ಮುದ್ರೆಯ ಎಣ್ಣೆ

"ಕೇಳಿರಪ್ಪೋ ಕೇಳಿ. ಕಂಚೀಕೋಟೆಯ ರಾಣಿ ಹೊನ್ನಾಂಬಿಕೆಯವರ ಅಪ್ಪಣೆ. ಅರಮನೆಯ ಗಾಣದ ನೋವಿನೆಣ್ಣೆಯನ್ನು ನವಿಲು ಮುದ್ರೆ ಒತ್ತಿ ಮಾರುವ ಹಕ್ಕು ಈ ವರ್ಷ ಹೊಸದಾಗಿ ಒಬ್ಬರಿಗೆ ಸಿಗುತ್ತದೆ. ಬೇಡಿ ಬಂದವರು ಮೂರು ಒಗಟು ಬಿಡಿಸಬೇಕು. ತಪ್ಪಿದವರ ತಲೆ ಅದೇ ಸಂಜೆ ಪಡುವಣ ಬಾಗಿಲಲ್ಲಿ ಉರುಳುತ್ತದೆ."

ಷರತ್ತು ಇಷ್ಟು ಕ್ರೂರವಾಗಿದ್ದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ಹಿಂದಿನ ವರ್ಷ ಮುದ್ರೆ ಪಡೆದವನು ಎಣ್ಣೆಗೆ ಅಗ್ಗದ ದತ್ತೂರಿ ರಸ ಬೆರೆಸಿ ಮಾರಿದ್ದ. ಹಚ್ಚಿಕೊಂಡವರ ಮೈ ಊದಿ ಹನ್ನೊಂದು ಜನ ಸತ್ತಿದ್ದರು. ಆ ಮನೆಗಳವರು ಶಪಿಸಿದ್ದು ಅವನನ್ನಲ್ಲ, ರಾಣಿಯನ್ನು.

ಹಾಲಿವಾಣ ಪೇಟೆಯಲ್ಲಿ ಹುಚ್ಚೀರ ಎಂಬ ಯುವಕನಿದ್ದ. ಎಣ್ಣೆ ತುಂಬುವ ತೊಗಲಿನ ಬುದ್ದಲಿಗಳನ್ನು ಹೊಲಿಯುವುದು ಅವನ ಕಸುಬು. ಒಮ್ಮೆ ಸಣ್ಣ ಅಂಗಡಿಯನ್ನೂ ಇಟ್ಟು ಕಳೆದುಕೊಂಡಿದ್ದ. ಡಂಗುರ ಕೇಳಿ ಹೊರಟು ನಿಂತವನನ್ನು ಅಕ್ಕ ಕಾಳವ್ವ ಬಾಗಿಲಲ್ಲೇ ತಡೆದಳು.

"ಬುದ್ದಲಿ ಹೊಲಿದರೆ ಗಂಜಿಗೆ ಮೋಸವಿಲ್ಲ. ತಲೆ ಯಾಕೆ ಒತ್ತೆ ಇಡ್ತೀಯ?"

"ಒತ್ತೆ ಇಡೋಕೆ ಬೇರೇನೂ ಉಳಿದಿಲ್ಲ ಅಕ್ಕಾ."

ಆಸ್ಥಾನಕ್ಕೆ ಬಂದವರು ಮೂವರೇ. ಬಡ್ಡಿ ವ್ಯವಹಾರದಲ್ಲಿ ಮೂರಂತಸ್ತಿನ ಮನೆ ಕಟ್ಟಿದ ರಾಚಶೆಟ್ಟಿ, ನಾಲ್ಕು ಶಾಸ್ತ್ರ ಓದಿದ ಶಂಭುಶಾಸ್ತ್ರಿ, ಕೊನೆಗೆ ಹುಚ್ಚೀರ. ಸಿಂಹಾಸನದ ಮುಂದೆ ನೀರಿನ ಹಂಡೆ, ಅದರಲ್ಲಿ ತಳಕ್ಕೆ ತೂತು ಕೊರೆದ ತಾಮ್ರದ ಬಟ್ಟಲು. ಬಟ್ಟಲು ತುಂಬಿ ಮುಳುಗುವುದರೊಳಗೆ ಉತ್ತರ ಬರಬೇಕು.

ರಾಣಿ ಮೆಲುದನಿಯಲ್ಲಿ ಮೊದಲ ಒಗಟು ಹೇಳಿದಳು. "ಯಜಮಾನ ತಾನೇ ಅದನ್ನು ಕರೆತರುತ್ತಾನೆ, ಅಟ್ಟಲು ಮಾತ್ರ ಆಗುವುದಿಲ್ಲ. ಬೀಗ ಹಾಕಿದ ಅಂಗಡಿಯಲ್ಲೂ ಕೂತು ಉಣ್ಣುತ್ತದೆ. ಅಂಗಡಿ ಬರಿದಾದಷ್ಟೂ ಕೊಬ್ಬುತ್ತದೆ. ಏನದು?"

ರಾಚಶೆಟ್ಟಿ ನಕ್ಕ. "ಇಲಿ, ಮಹಾರಾಣಿ. ಕಾಳಿನ ಮೂಟೆಯ ಜೊತೆ ನಾವೇ ತರುತ್ತೇವೆ."

"ಬರಿದಾದ ಅಂಗಡಿಯಲ್ಲಿ ಇಲಿ ನಿಲ್ಲುವುದಿಲ್ಲ ಶೆಟ್ಟರೇ." ಕಾವಲಿನವರು ಅವನ ಕೈ ಕಟ್ಟಿದರು. ಅವನ ನಗು ಇನ್ನೂ ಮುಖದ ಮೇಲೇ ಇತ್ತು.

ಶಾಸ್ತ್ರಿ ಬಟ್ಟಲು ಮುಳುಗುವತನಕ ಯೋಚಿಸಿ, "ಕಾಲ" ಎಂದ.

"ಕಾಲವನ್ನು ಯಾರೂ ಮನೆಗೆ ಕರೆತರುವುದಿಲ್ಲ" ಎಂದಳು ರಾಣಿ. ಅವನ ಕೈಯನ್ನೂ ಕಟ್ಟಿದರು. ಬಟ್ಟಲನ್ನು ಮತ್ತೆ ನೀರಿನ ಮೇಲೆ ತೇಲಿಬಿಟ್ಟರು.

ಹುಚ್ಚೀರ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. "ಬಡ್ಡಿ, ತಾಯಿ. ಅಂಗಡಿ ಇಡೋಕೆ ಸಾಲ ತಂದಿದ್ದೆ. ಮಳೆಗಾಲದಲ್ಲಿ ಗಿರಾಕಿ ಇಲ್ಲದೆ ನಾನು ಬಾಗಿಲು ಹಾಕಿದೆ. ಬಡ್ಡಿ ಬಾಗಿಲು ಹಾಕಲಿಲ್ಲ."

ರಾಚಶೆಟ್ಟಿ ತಲೆ ತಗ್ಗಿಸಿದ. ರಾಣಿ ಎರಡನೆಯದನ್ನು ಹೇಳಿದಳು. "ನೂರು ಜನಕ್ಕೆ ಕೊಟ್ಟರೂ ನನ್ನಲ್ಲಿ ಕಡಿಮೆಯಾಗದು. ಆದರೆ ಒಬ್ಬ ಕೆಡಿಸಿದರೆ ನೂರು ಜನರ ಬಳಿಯೂ ಕೆಡುತ್ತದೆ, ನನ್ನಲ್ಲೂ ಕೆಡುತ್ತದೆ."

ಶಾಸ್ತ್ರಿ ಕಟ್ಟಿದ ಕೈಯಲ್ಲೇ ನಿಂತು "ವಿದ್ಯೆ, ವಿದ್ಯೆ" ಎಂದು ತುಟಿ ಅಲುಗಿಸುತ್ತಿದ್ದ. ಹುಚ್ಚೀರನಿಗೆ ಅದು ಕಾಣಿಸಿತು. ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ಒಬ್ಬ ವಿದ್ಯೆ ಕೆಡಿಸಿಕೊಂಡರೆ ಗುರುವಿನದು ಹೇಗೆ ಕೆಟ್ಟೀತು? ಬಟ್ಟಲಿನಲ್ಲಿ ಅರ್ಧ ನೀರು. ಹನ್ನೊಂದು ಮನೆಗಳ ಶಾಪ ನೆನಪಾಯಿತು.

"ಹೆಸರು, ತಾಯಿ. ದತ್ತೂರಿ ಬೆರೆಸಿದವನು ಒಬ್ಬ. ಆಮೇಲೆ ನವಿಲು ಮುದ್ರೆ ಕಂಡರೆ ಎಲ್ಲ ಊರವರೂ ಬುದ್ದಲಿ ಸೀಳಿ ಚೆಲ್ಲಿದರು."

ರಾಣಿಯ ಮುಖ ಬಿಗಿಯಿತು. ಬಟ್ಟಲನ್ನು ಮತ್ತೆ ತೇಲಿಬಿಡಿಸಿದಳು. ಆಮೇಲೆ ಮೂರನೆಯದು. "ಸ್ನೇಹದ ದಿನ ಹುಟ್ಟಿ ನಿದ್ದೆ ಹೋಗುತ್ತದೆ. ಜಗಳದ ದಿನ ಏಳುತ್ತದೆ. ಹುಟ್ಟಿದ ದಿನ ಕಲಿತಿದ್ದನ್ನಷ್ಟೇ ಹೇಳುತ್ತದೆ, ಅತ್ತರೂ ಬೇಡಿದರೂ ಒಂದಕ್ಷರ ಬದಲಿಸದು."

ಹುಚ್ಚೀರನಿಗೆ ಏನೂ ಹೊಳೆಯಲಿಲ್ಲ. ಗಿಳಿಯೇ? ಗಿಳಿ ಹೊಸ ಮಾತು ಕಲಿಯುತ್ತದೆ. ಮಗುವೇ? ಮಗು ಬೆಳೆಯುತ್ತದೆ. ಬಟ್ಟಲಿನ ಅಂಚಿಗೆ ಎರಡು ಬೆರಳಷ್ಟೇ ಉಳಿದಿತ್ತು. ಭಯಕ್ಕೆ ಬಲಗೈ ಮುಷ್ಟಿಯಾಗಿ, ಹೆಬ್ಬೆಟ್ಟು ಅಂಗೈಗೆ ಒತ್ತಿತು. ಪಾಲುಗಾರ ಚಿಕ್ಕೋಬನ ಜೊತೆ ಎಲೆಅಡಿಕೆ ಹಾಕಿಕೊಂಡು, ನಗುತ್ತಾ ಅದೇ ಹೆಬ್ಬೆಟ್ಟು ಒತ್ತಿದ್ದು ಕಣ್ಣಿಗೆ ಕಟ್ಟಿತು.

"ಕರಾರು ಪತ್ರ" ಎಂದ. ಬಟ್ಟಲು ಗುಳುಕ್ಕೆಂದು ಮುಳುಗಿತು. "ಏನು ಬರೆದಿದೆ ಅಂತ ನಾನು ಕೇಳಲೇ ಇಲ್ಲ ತಾಯಿ. ಜಗಳವಾದಾಗ ಪತ್ರ ಓದಿಸಿದರು. ಕಟ್ಟಡ, ಗಿರಾಕಿ ಎಲ್ಲ ಪಾಲುಗಾರನದು ಅಂತಿತ್ತು."

ರಾಣಿ ಕೈಸನ್ನೆ ಮಾಡಿದಳು. ಮಂತ್ರಿ ಬೊಮ್ಮರಸ ಮುದ್ರೆಯನ್ನೂ ಒಂದು ಪತ್ರವನ್ನೂ ತಂದು, "ಇಲ್ಲಿ ಹೆಬ್ಬೆಟ್ಟು ಒತ್ತು" ಎಂದ.

ಹುಚ್ಚೀರ ಕೈ ಹಿಂದೆ ಕಟ್ಟಿಕೊಂಡ. "ಮೊದಲು ಯಾರಾದರೂ ಓದಿ ಹೇಳಬೇಕು."

"ರಾಣಿಯವರ ಪತ್ರವನ್ನೇ ಶಂಕಿಸುತ್ತೀಯಾ?" ಬೊಮ್ಮರಸನ ದನಿ ಏರಿತು. ಕಾವಲಿನವರು ಒಂದು ಹೆಜ್ಜೆ ಮುಂದೆ ಬಂದರು.

"ಶಂಕೆಯಲ್ಲ ಸ್ವಾಮಿ. ನನಗೆ ಓದು ಬರುವುದಿಲ್ಲ."

"ಶಾಸ್ತ್ರಿಗಳ ಕಟ್ಟು ಬಿಚ್ಚಿ" ಎಂದಳು ರಾಣಿ. "ಅವರು ಓದಲಿ."

ಶಾಸ್ತ್ರಿ ಓದಿದ. ಗಾಣದಲ್ಲೇ ಎಣ್ಣೆ ಕೆಟ್ಟರೂ ಶಿಕ್ಷೆ ಮಾರುವವನಿಗೆ. ಅರಮನೆ ಬಯಸಿದ ದಿನ ಮುದ್ರೆ ವಾಪಸ್, ಅಂಗಡಿಯೂ ಅರಮನೆಗೆ. ಅದೇ ಬೀದಿಯಲ್ಲಿ ಇನ್ನೊಬ್ಬನಿಗೂ ಮುದ್ರೆ ಕೊಡಬಹುದು.

"ನಾನು ಬೆರೆಸಿದ್ದಕ್ಕೆ ನನ್ನ ತಲೆ ತೆಗೆಯಿರಿ" ಎಂದ ಹುಚ್ಚೀರ. "ಗಾಣದ ತಪ್ಪು ಗಾಣಕ್ಕಿರಲಿ. ಮುದ್ರೆ ವಾಪಸ್ ಪಡೆಯುವುದಾದರೆ ಒಂದು ವರ್ಷ ಮೊದಲೇ ಹೇಳಿ. ಬೀದಿಗೆ ಒಂದೇ ಅಂಗಡಿ ಸಾಕು. ಎಣ್ಣೆಗೆ ಸಾಲ ತರಲಾರೆ, ಮಾರಿದ ಮೇಲೆ ಹಣ ಕಟ್ಟುತ್ತೇನೆ. ಆಗದಿದ್ದರೆ ನನಗೆ ಮುದ್ರೆ ಬೇಡ. ಬುದ್ದಲಿ ಹೊಲಿಯುತ್ತೇನೆ."

ರಾಣಿ ಅವನನ್ನೇ ನೋಡುತ್ತಾ ಕೂತಳು. ಪಡುವಣ ಬಾಗಿಲಿನಿಂದ ಕತ್ತಿ ಮಸೆಯುವ ಸದ್ದು ಕೇಳಿಸುತ್ತಿತ್ತು. ಕೊನೆಗೆ, "ತಿದ್ದಿ ಬರೆಯಿರಿ" ಎಂದಳು. "ಕಳೆದ ವರ್ಷದವನು ಓದದೆ ಒತ್ತಿದ. ಮುದ್ರೆಯ ಗುತ್ತಿಗೆ ಹಣ, ಬಡ್ಡಿ ಎಲ್ಲ ಮೈಮೇಲೆ ಬಿದ್ದಾಗ ದತ್ತೂರಿ ಬೆರೆಸಿದ. ಆ ಪತ್ರ ಬರೆಸಿದವಳು ನಾನು." ದನಿ ಸಣ್ಣದಾಯಿತು. "ಇನ್ನೇನು ಬೇಕು, ಕೇಳು."

"ಇವರಿಬ್ಬರ ಜೀವ. ಶಾಸ್ತ್ರಿಗಳು ನನ್ನ ಪತ್ರಗಳನ್ನು ಓದಲಿ. ಶೆಟ್ಟರು ಬೆಲೆ ಕಟ್ಟುವುದನ್ನು ಕಲಿಸಲಿ."

ರಾಚಶೆಟ್ಟಿಯ ಕಟ್ಟು ಬಿಚ್ಚಿದಾಗ ಅವನು ನೆಲದ ಮೇಲೆ ಕೂತು ಅತ್ತ.

ಆ ಕಾರ್ತಿಕದಲ್ಲಿ ಹಾಲಿವಾಣ ಪೇಟೆಯಲ್ಲಿ ನವಿಲು ಮುದ್ರೆಯ ಅಂಗಡಿ ತೆರೆಯಿತು, ಹಣದ ಗಲ್ಲಾದ ಮುಂದೆ ಕಾಳವ್ವ ಕೂತಳು. ಮುಂದಿನ ವರ್ಷದ ಡಂಗುರದಲ್ಲಿ ತಲೆಯ ಮಾತಿರಲಿಲ್ಲ. ಮುದ್ರೆ ಬೇಡಿ ಬಂದವರಿಗೆ ಪತ್ರವನ್ನು ಎರಡು ಸಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಒಪ್ಪಿಗೆಯಾಗದವರು ಊಟ ಮಾಡಿ ಮನೆಗೆ ಹೋಗುತ್ತಿದ್ದರು.